ಹಿಂದಿನ ಸೀಟಿನ ಬೋಲ್ಟು

ವಿರಹಕ್ಕೆ ಏನೇನೋ ಲಕ್ಷಣಗಳನ್ನು ಹೇಳುತ್ತಾರೆ. ಊಟ ಸೇರದು, ನಿದ್ದೆ ಹತ್ತದು, ಬೆಳದಿಂಗಳು ಸುಡುತ್ತದೆ ಇತ್ಯಾದಿ. ನನ್ನ ವಿಷಯ ಹಾಗಲ್ಲ. ಹೆಂಡತಿ ತವರಿಗೆ ಹೋದರೂ ನನಗೆ ಹೊತ್ತಿಗೆ ಸರಿಯಾಗಿ ಹಸಿವಾಗುತ್ತದೆ. ಗೊರಕೆಯೂ ಬರುತ್ತದೆಂದು ಅಮ್ಮ ಹೇಳುತ್ತಾಳೆ. ಆದರೆ ಕೈ ಮಾತ್ರ ಸುಮ್ಮನಿರುವುದಿಲ್ಲ. ಸ್ಪ್ಯಾನರ್ ಹಿಡಿದು, ಬಿಗಿಯಾಗಿರುವುದನ್ನೇ ಮತ್ತೆ ಬಿಗಿ ಮಾಡೋಣ ಅನ್ನಿಸುತ್ತದೆ. ಈ ರೋಗಕ್ಕೆ ಹುಣಸೂರಿನ ಯಾವ ಪಂಡಿತರ ಹತ್ತಿರವೂ ಲೇಹ್ಯವಿಲ್ಲ.

ಇದು ಅಂಟಿದ್ದು ನಮ್ಮ ಮದುವೆಯಾದ ವರ್ಷದ ಆಷಾಢದಲ್ಲಿ. ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಅಳಿಯ ಮಾವನ ಮನೆ ಕಡೆ ತಲೆ ಹಾಕಬಾರದು ಎಂದು ಕಟ್ಟಳೆ ಮಾಡಿದ ಪುಣ್ಯಾತ್ಮನಿಗೆ ಮದುವೆಯಾಗಿರಲಿಲ್ಲ, ಇಲ್ಲವೇ ಆಗಿ ಬಹಳ ವರ್ಷವಾಗಿತ್ತು. ಹೆಂಡತಿ ಗೌರಿಯನ್ನು ತವರಿಗೆ ಕರೆದೊಯ್ಯಲು ಬೆಟ್ಟದಪುರದಿಂದ ಅವಳ ಅಣ್ಣ ಎತ್ತಿನ ಗಾಡಿ ಕಟ್ಟಿಕೊಂಡು ಬಂದ. ಹತ್ತುವ ಮುಂಚೆ ಗೌರಿ ಬಾಗಿಲ ಮರೆಗೆ ಬಂದು, "ನೀವು ಕರ್ಕೊಂಡೋಗಕ್ಕೆ ಬರುವಾಗ ಗಾಡಿ ಕಟ್ಬ್ಯಾಡಿ ಕಣ್ರೀ. ಆ ಮೋಟಾರ್ ಸೈಕಲ್ ತನ್ನಿ. ನಮ್ಮೂರ್ನೋರೆಲ್ಲ ನೋಡ್ಲಿ" ಅಂದಳು. ಅಂದು ಹೊರಟೇ ಹೋದಳು. ಮನೆ ಭಣಭಣ ಎನ್ನತೊಡಗಿತು.

ಆ ಮೋಟಾರ್ ಸೈಕಲ್ಲು ಕೊಡಗಿನ ಕಾಫಿ ತೋಟದ ಬಿಳಿ ದೊರೆಯೊಬ್ಬ ಇಂಗ್ಲೆಂಡಿಗೆ ವಾಪಸು ಹೊರಡುವಾಗ ನಮ್ಮಪ್ಪನಿಗೆ ಮಾರಿಹೋದದ್ದು. ದೊರೆ ಒಂಟಿ ಮನುಷ್ಯ, ಗಾಡಿಗೆ ಹಿಂದಿನ ಸೀಟೇ ಇರಲಿಲ್ಲ. ಮೈಸೂರಿನಿಂದ ಸೀಟು ತರಿಸಿದೆ. ಬೋಲ್ಟು ಬರಲಿಲ್ಲ. ನಮ್ಮ ಎಣ್ಣೆ ಮಿಲ್ಲಿನ ಎಂಜಿನ್ನಿನದೊಂದು ಬಿದ್ದಿತ್ತು. ತೂತಿಗೆ ಹಿಡಿದು ನೋಡಿದರೆ ದಪ್ಪ ಅಳೆದು ಮಾಡಿಸಿದಂತಿತ್ತು! ಒಂದು ಸುತ್ತು ಹೋಯಿತು, ಆಮೇಲೆ ಮುಷ್ಕರ ಹೂಡಿತು. ನಾನು ಬಿಡುವವನೇ? ಸ್ಪ್ಯಾನರಿಗೆ ಕೊಳಾಯಿ ತುಂಡು ಸಿಕ್ಕಿಸಿ, ಗೌರಿಯನ್ನು ನೆನೆದುಕೊಂಡು ತಿರುಗಿಸಿದೆ. ಬೋಲ್ಟು ಬೆಣ್ಣೆಯಲ್ಲಿ ಬೆರಳಾಡಿದಂತೆ ತಿರುಗಿತು. ಗೆದ್ದೆ ಅಂದುಕೊಂಡೆ. ಅದು ತಿರುಗುತ್ತಲೇ ಇತ್ತು.

ಸಂತೆಬೀದಿಯಲ್ಲಿ ಬೀಗ, ಬಂದೂಕು ರಿಪೇರಿ ಮಾಡುವ ಖಾದರ್ ಸಾಹೇಬರು ತೂತಿನೊಳಗೆ ಇಣುಕಿ, "ಯಾ ಅಲ್ಲಾ! ಥ್ರೆಡ್ಡು, ಒಳಗಿನ ಗೀರೆಲ್ಲಾ ನುಣ್ಣಗೆ ಬೋಳ್ಸಿದ್ದೀರಲ್ಲ, ಚಿಕ್ಕೆಜಮಾನ್ರೇ" ಅಂದರು. "ದಪ್ಪ ಒಂದೇ ಇದ್ರೆ ಸಾಕಾ? ಎಂಜಿನ್ ಬೋಲ್ಟಿನ ಗೀರು ಒರಟು, ಈ ಗಾಡೀದು ನಯ. ಬೆರಳಲ್ಲೇ ಸಲೀಸಾಗಿ ಓಗ್ಬೇಕು. ಓಗ್ನಿಲ್ಲ ಅಂದ್ರೆ ಅದು ನಮ್ದಲ್ಲ, ಬುಟ್ಬುಡ್ಬೇಕು."

"ಬಿಟ್ರೆ ಶ್ರಾವಣ ಬಂದ್ಬಿಡ್ತದಲ್ಲ ಸಾಹೇಬ್ರೇ!"

"ನನ್ ಕೈಗೆ ಬಂದ್ಮೇಲೆ ಯಾವ ಶ್ರಾವಣ? ಕಣ್ಮುಚ್ಚಿ ಕಣ್ಬುಡಾದ್ರಲ್ಲಿ ಮಾಡ್ತೀನಿ."

ಸಾಹೇಬರು ತೂತನ್ನು ಹಿರಿದು ಮಾಡಿ, ಒಳಗೊಂದು ಹಿತ್ತಾಳೆ ಕೊಳವೆ ಕೂರಿಸಿ, ಅದರೊಳಗೆ ಹೊಸ ಗೀರು ಕೊರೆದರು. ಮೊದಲ ಕೊಳವೆ ಬೋಲ್ಟಿನ ಜೊತೆಗೇ ಹೊರಬಂತು. ಸಾಹೇಬರು ಮಳೆಯನ್ನು ಬೈದರು. ಎರಡನೆಯದು ಸೊಟ್ಟಗೆ ಕೂತಿತು, ಅದಕ್ಕೆ ದೊರೆಯನ್ನು ಬೈದರು. ಮೂರನೆಯದು ನಿಂತಿತು. ಆಗ ಎದೆಯುಬ್ಬಿಸಿ ಎಚ್ಚರಿಸಿದರು: "ಇತ್ತಾಳೆ ಮೆತ್ತಗಿರ್ತದೆ. ಬೆರಳಲ್ಲಿ ಬಿಗಿ ಮಾಡಿ, ಆಮ್ಯಾಕೆ ಸ್ಪ್ಯಾನರ್ ಒಸಿ ತಾಗ್ಸಿ ಸಾಕು. ಆಸೆ ಬೀಳ್ಬ್ಯಾಡಿ."

ಆದರೆ ಆಷಾಢದಲ್ಲಿ ಆಸೆ ಬೀಳದೆ ಇನ್ನೇನು ಮಾಡುವುದು? ಅಡುಗೆಮನೆಯಲ್ಲಿ ಬಳೆ ಸದ್ದಾದರೆ ಅಮ್ಮನದೆಂದು ಗೊತ್ತಿದ್ದೂ ಎದ್ದು ನೋಡುತ್ತಿದ್ದೆ. ಗೌರಿಯ ಬಾಚಣಿಗೆ ಗೂಡಿನಲ್ಲೇ ಉಳಿದಿತ್ತು. ಅದನ್ನು ಕಂಡಾಗಲೆಲ್ಲ ಕೈಗೆತ್ತಿಕೊಂಡು ಮತ್ತೆ ಅಲ್ಲೇ ಇಡುತ್ತಿದ್ದೆ. ಯಾರ ಹತ್ತಿರ ಹೇಳಿಕೊಳ್ಳಲಿ? ಕೊಟ್ಟಿಗೆಗೆ ಹೋಗಿ ಹಿಂದಿನ ಸೀಟು ಸವರಿ, ಅವಳು ಬೀಳಬಾರದು ಅಂತ ಬೋಲ್ಟನ್ನು ಒಂಚೂರು ಬಿಗಿ ಮಾಡಿ ಬರುತ್ತಿದ್ದೆ. ದಿನಾ ಒಂಚೂರು.

ಭೀಮನ ಅಮಾವಾಸ್ಯೆ ಕಳೆದ ಮರುದಿನ ಬೆಳಿಗ್ಗೆ ಮಿಂದು, ಮಡಿ ಪಂಚೆ ಕಚ್ಚೆ ಹಾಕಿ, ಕೊನೆಯದಾಗಿ ಒಂದು ಸಲ ಬಿಗಿ ಮಾಡಿದೆ. ಹಿತ್ತಾಳೆ 'ಕಟಕ್' ಅಂದಿತು. ಬೋಲ್ಟು ತಿರುಗತೊಡಗಿತು.

ತೆಂಗಿನ ನಾರಿನ ಹಗ್ಗದಲ್ಲಿ ಸೀಟು ಬಿಗಿದುಕೊಂಡು ಬೆಟ್ಟದಪುರ ಸೇರಿದೆ. ಊರೇನೋ ನೋಡಲು ನೆರೆಯಿತು, ಹಗ್ಗವನ್ನೇ ನೋಡಿತು. ಮಾವನವರು ಸುತ್ತು ಹಾಕಿ, "ಅಳಿಯಂದ್ರೇ, ಇದ್ರ ಮ್ಯಾಲೆ ಮಗ್ಳನ್ನ ಕೂರ್ಸಕ್ಕಾಯ್ತದಾ? ಅವ್ಳು ಎತ್ತಿನ ಗಾಡೀಲಿ ಬತ್ತಾಳೆ ಬುಡಿ" ಎಂದು ತೀರ್ಪು ಕೊಟ್ಟರು. ಖಾಲಿ ಸೀಟು ಹೋಗಬಾರದೆಂದು ಅತ್ತೆ ಅದರ ಮೇಲೊಂದು ಸಿಹಿಗುಂಬಳಕಾಯಿ ಕಟ್ಟಿಸಿದರು. ಗೌರಿ ತುಟಿ ಕಚ್ಚಿಕೊಂಡು ಅಣ್ಣ ಕಟ್ಟಿದ ಗಾಡಿ ಹತ್ತಿದಳು. ನಗುವೋ ಅಳುವೋ ತಿಳಿಯಲಿಲ್ಲ. ತಿಂಗಳಿಡೀ ಕಾದು ನಾನು ಕುಂಬಳಕಾಯಿ ಕೂರಿಸಿಕೊಂಡು, ಎತ್ತಿನ ನಡಿಗೆಗೆ ಸಮನಾಗಿ, ಎಂಜಿನ್ನು ಕಾದು ಉಸಿರು ಬಿಡುವಾಗ ಇಳಿದು ನೂಕುತ್ತ ಬಂದೆ. ಅಳುವೇ ಬಂದಿತ್ತು.

ಹೊಗೆಸೊಪ್ಪಿನ ಹೊಲಗಳು ಮುಗಿದು ಊರು ಮರೆಯಾದದ್ದೇ ತಡ, ಗೌರಿ ಗಾಡಿ ನಿಲ್ಲಿಸಿ ಇಳಿದಳು. ಸೀಟು ಅಲ್ಲಾಡಿಸಿದಳು. "ಕುಂಬಳಕಾಯಿ ಬೀಳ್ನಿಲ್ಲ ಅಂದ್ಮೇಲೆ ನಾನ್ಯಾಕೆ ಬಿದ್ದೇನು?" ಎಂದು ಅದನ್ನು ಬಿಚ್ಚಿ ಅಣ್ಣನ ಕೈಗಿತ್ತು, ಹತ್ತಿ ಕುಳಿತು, ನನ್ನ ಅಂಗಿ ಹಿಡಿದುಕೊಂಡಳು. ಆ ಹಿಡಿತದ ಮುಂದೆ ಯಾವ ಬೋಲ್ಟು!

ಇದಾಗಿ ವರ್ಷಗಳಾದವು. ಆಷಾಢದ ಕಟ್ಟಳೆ ಈಗ ನಮಗಿಲ್ಲ. ಆದರೂ ತಮ್ಮನ ಮಗುವಿನ ನಾಮಕರಣವೆಂದು ಅವಳು ಮೊನ್ನೆ ಬೆಟ್ಟದಪುರಕ್ಕೆ ಹೋದಳು. ಸಾಹೇಬರು ಆಮೇಲೆ ಹಾಕಿಕೊಟ್ಟ ಹೊಸ ಕೊಳವೆ ಗಟ್ಟಿಯಾಗಿದೆ, ಸೀಟು ಕದಲುವುದಿಲ್ಲ, ನನಗೆ ಚೆನ್ನಾಗಿ ಗೊತ್ತು. ಸುಮ್ಮನೆ ಒಮ್ಮೆ ನೋಡೋಣವೆಂದು ಕೊಟ್ಟಿಗೆಗೆ ಹೋದರೆ ಸ್ಪ್ಯಾನರಿಲ್ಲ. ಅಮ್ಮನನ್ನು ಕೇಳಿದೆ. ಗೌರಿ ಸೀರೆಗಳ ಜೊತೆ ಅದನ್ನೂ ಗಂಟು ಕಟ್ಟಿಕೊಂಡು ಹೋದಳಂತೆ. ಈಗ ಬೆರಳಲ್ಲೇ ತಿರುಗಿಸಿ ನೋಡುತ್ತಿದ್ದೇನೆ.