ಮಗಳ ಪಥ್ಯ, ಮನೆತುಂಬ ಗಂಜಿ

ಮನೆಯಲ್ಲಿ ಒಬ್ಬರಿಗೆ ಪಥ್ಯ ಹತ್ತಿತೆಂದರೆ ಉಳಿದವರ ತಲೆ ನೆಟ್ಟಗಿರುವುದಿಲ್ಲ. ಇದು ಸಾಂಬ್ರಾಣಿ ಊರಿನ ನಮ್ಮ ಮನೆಯಲ್ಲಷ್ಟೇ ಅಲ್ಲ, ಎಲ್ಲರ ಮನೆಯಲ್ಲೂ ನಡೆದು ಬಂದದ್ದೇ. ಅದು ಎರಡನೆಯ ಮಹಾಯುದ್ಧದ ಕಾಲ. ಬೆಳೆದ ಭತ್ತದಲ್ಲಿ ಸರಕಾರದ ಪಾಲು ಅಳೆದು ಕೊಟ್ಟ ಮೇಲೆ ಕಣಜದ ತಳ ಕಾಣುತ್ತಿತ್ತು. ಅಂಥ ವರ್ಷವೇ ನನ್ನ ಎಂಟು ವರ್ಷದ ಮಗಳಿಗೆ ಮೈತುಂಬ ಪಿತ್ತದ ಗಂಧೆ ಏಳತೊಡಗಿದವು. ಮಧ್ಯಾಹ್ನದ ಹೊತ್ತಿಗೆ ತುಟಿ ಬಾತುಕೊಳ್ಳುತ್ತಿತ್ತು, ಉಸಿರಿನಲ್ಲಿ ಸಿಳ್ಳೆ ಹಾಕಿದಂಥ ಸಪ್ಪಳ. ಈಗ ನಗುತ್ತ ಬರೆಯುತ್ತೇನೆ. ಆಗ ಅವಳ ಎದೆಗೆ ಕಿವಿ ಹಚ್ಚಿ ಕೂಡುತ್ತಿದ್ದವನಿಗೆ ನಗು ಯಾವ ದಿಕ್ಕಿಗಿದೆ ಎಂಬುದೂ ಗೊತ್ತಿರಲಿಲ್ಲ.

೧. ಪಾಟಿಯ ಎರಡೂ ಬದಿ

ಹಳಿಯಾಳದ ವೈದ್ಯರು ಗುರುವಾರಕ್ಕೊಮ್ಮೆ ನಮ್ಮೂರಿಗೆ ಬರುತ್ತಿದ್ದರು. ಮಗಳ ನಾಡಿ ಹಿಡಿದು, ಬಹಳ ಹೊತ್ತು ಕಣ್ಣು ಮುಚ್ಚಿ ಹೇಳಿದರು: "ಯಾವದೋ ಒಂದು ತಿನಿಸು ಈ ಕೂಸಿಗೆ ಆಗಿಬರೂದಿಲ್ಲ. ಯಾವದು ಅಂತ ನನಗೂ ತಿಳೀವಲ್ಲದು. ಎಲ್ಲಾ ಬಿಡಸ್ರಿ. ಗಂಧೆ ನಿಂತ ಮ್ಯಾಲೆ ಎಂಟು ದಿನಕ್ಕೊಂದು ಪದಾರ್ಥ ಕೂಡಿಸ್ಕೋತ ಬರ್ರಿ. ಯಾವದಕ್ಕ ಮತ್ತ ಏಳ್ತಾವೋ, ಅದೇ ಕಳ್ಳ."

ನಾನು ಊರ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವನು. ಮಗಳ ಶಾಲೆಯ ಪಾಟಿ ತಂದು ಬಳಪದಿಂದ ಬರೆದುಕೊಂಡೆ. ಬಿಡಬೇಕಾದವು: ಜೋಳ, ಗೋದಿ, ತೊಗರಿ, ಕಡಲೆ, ಶೇಂಗಾ, ಎಳ್ಳು, ಹಾಲು, ಮೊಸರು, ಬದನೆಕಾಯಿ, ಹುಣಸೆಹಣ್ಣು, ಮೆಣಸಿನಕಾಯಿ. ಪಾಟಿ ತುಂಬಿತು. ತಿರುವಿ ಹಾಕಿ ಬರೆದೆ. ಕೊನೆಗೆ ತಿನ್ನಬೇಕಾದವುಗಳಿಗೆ ಮೂಲೆಯಲ್ಲಿ ಎರಡು ಬೆರಳು ಜಾಗ ಉಳಿಯಿತು. ಅದೂ ಹೆಚ್ಚೇ ಆಯಿತು: ಅಕ್ಕಿ, ಹೆಸರುಕಾಳು, ಹೀರೇಕಾಯಿ, ಉಪ್ಪು.

ನನ್ನ ಹೆಂಡತಿ ಪಟ್ಟಿಯನ್ನೆಲ್ಲ ಓದಿಸಿ ಕೇಳಿದಳು. "ಇಷ್ಟೆಲ್ಲಾ ನಮ್ಮನ್ಯಾಗ ಇದ್ದೂವೇನ್ರಿ? ವೈದ್ಯರು ಬಿಡಸೂತನಕ ನನಗ ಗೊತ್ತೇ ಇರಲಿಲ್ಲ" ಎಂದಳು.

೨. ಒಂದೇ ಗಡಿಗೆ

ಮಗಳ ಮುಂದೆ ಗಂಜಿ ಇಟ್ಟು ನಾವು ರೊಟ್ಟಿ ತಿಂದರೆ ಅವಳು ಅಳುತ್ತಿದ್ದಳು. ಎರಡು ಅಡಿಗೆ ಮಾಡೋಣವೆಂದರೆ ಕಟ್ಟಿಗೆಯೂ ಸಾಲದು, ಕಾಳೂ ಸಾಲದು. ಆದ್ದರಿಂದ ಮನೆತುಂಬ ಎಲ್ಲರಿಗೂ ಒಂದೇ ಗಡಿಗೆಯ ಊಟ ಎಂದು ಗೊತ್ತುಮಾಡಿದೆವು. ಹೆಂಡತಿ ಜಾಣೆ. ಹೀರೇಕಾಯಿಯ ಸಿಪ್ಪೆಯನ್ನೂ ಚೆಲ್ಲದೆ ಉಪ್ಪು ಹಚ್ಚಿ ಅರೆದು ಚಟ್ನಿ ಮಾಡುತ್ತಿದ್ದಳು. ಹತ್ತನೆಯ ದಿನ ಹೊಲದಿಂದ ಬಂದವನು ಕೈಕಾಲು ತೊಳೆಯುತ್ತ, "ಇವತ್ತೇನು ಅಡಿಗಿ?" ಎಂದೆ.

"ನಿನ್ನೆ ಹೆಸರಿನ ಗಂಜಿಯೊಳಗ ಹೀರೇಕಾಯಿ ಹಾಕಿದ್ದೆ. ದಿನಾ ಅದೇ ಅಂದ್ರ ನಿಮಗ ಬ್ಯಾಸರ ಆಗತದ ಅಂತ, ಇವತ್ತ ಹೀರೇಕಾಯೊಳಗ ಹೆಸರಿನ ಗಂಜಿ ಹಾಕೇನಿ."

೩. ದೇವರಿಗೇನಾಗೇದ?

ಮನೆಯವರು ಉಣ್ಣುವುದನ್ನೇ ದೇವರಿಗೂ ತೋರಿಸಬೇಕೆಂದು ನನ್ನ ತಿಳಿವಳಿಕೆ. ಪಥ್ಯ ಹಿಡಿದ ಮೊದಲ ದಿನವೇ ಗಂಜಿಯ ಬಟ್ಟಲು ಹಿಡಿದು ದೇವರ ಕೋಣೆಗೆ ಹೊರಟಿದ್ದೆ. ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಗಂಧೆ ಎದ್ದಾವ ಹುಡಿಗಿಗೆ. ದೇವರಿಗೇನಾಗೇದ? ಅಂವನ ಯಾವ ನಾಡಿ ನೋಡಿ ಪಥ್ಯ ಹಚ್ಚೀದಿ?"

ಪಥ್ಯ ಕೆಟ್ಟರೆ ಮಗಳದು ಭಯ, ನೈವೇದ್ಯ ಕೆಟ್ಟರೆ ದೇವರದು ಭಯ. ಗಂಜಿ ಒಲೆಯ ಕಡೆಗೆ ತಿರುಗಿತು. ಮುಂಜಾನೆಯ ಪೂಜೆಗೆ ಎಂದಿನ ನೈವೇದ್ಯವೇ ನಡೆಯಿತು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಬಾಯಿಗೆ ರುಚಿಯಾದದ್ದು ಕಂಡವನು ದೇವರೊಬ್ಬನೇ.

೪. ಬದನೆಕಾಯಿಯ ನ್ಯಾಯ

ಗಂಧೆ ಮಾತ್ರ ನಿಲ್ಲಲಿಲ್ಲ. ಮಧ್ಯಾಹ್ನ ತಾಟಿನಲ್ಲಿ ಯಾವುದಿತ್ತೋ ಅದರ ಮೇಲೆ ಸಂಶಯ. ಹೀರೇಕಾಯಿ ಹೋಗಿ ಸವತೆಕಾಯಿ ಬಂತು, ಅದೂ ಹೋಯಿತು. ಆಮೇಲೆ ಹೆಸರುಕಾಳನ್ನೂ ಬಿಡಿಸೋಣವೇ ಎಂದು ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಇನ್ನು ಉಳಿದದ್ದು ಅಕ್ಕಿ, ಉಪ್ಪು.

ಆ ಅಕ್ಕಿಯೂ ತೀರುತ್ತ ಬಂದಿತ್ತು. ಒಂದು ದಿನ ನಸುಕಿನಲ್ಲೇ ಚಕ್ಕಡಿ ಹೂಡಿಕೊಂಡು ಹಳಿಯಾಳದ ರೇಷನ್ ಅಂಗಡಿಗೆ ಹೋದೆ. ನಾನಿಲ್ಲದ್ದರಿಂದ ಅವ್ವ ದೇವರಿಗೆ ಬರೀ ಹೂ ಏರಿಸಿದ್ದಳು. ಸಂಜೆ ತಿರುಗಿ ಬಂದಾಗ ಹೆಂಡತಿಯ ಮುಖ ಬಿಳುಚಿತ್ತು.

"ಅಕ್ಕಿ ಮುಗದಿತ್ರಿ. ಹಸಿವು ಹಸಿವು ಅಂತ ಹುಡಿಗಿ ಹೊಟ್ಟಿ ಹಿಡಕೊಂಡು ಕೂತ್ಲು. ಜ್ವಾಳದ ರೊಟ್ಟಿ, ಬದನೀಕಾಯಿ ಪಲ್ಯ ಕೊಟ್ಟೆ."

ಓಡಿಹೋಗಿ ನೋಡಿದರೆ ಮಗಳು ಹಿತ್ತಲಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು. ಮೈಮೇಲೆ ಒಂದೂ ಗಂಧೆ ಇಲ್ಲ. ಬದನೆಕಾಯಿಯೇ ಔಷಧವೆಂದು ನಂಬಿ ಅದರ ಬುಟ್ಟಿಗೆ ಕೈಮುಗಿದೆ. ಮರುದಿನ ಸಾವಕಾಶ ಪೂಜೆ ಮುಗಿಸಿ, ಮುಂದೆ ಕೂತು ಬದನೆಕಾಯಿ ಪಲ್ಯ ಉಣಿಸಿದೆ. ಮಧ್ಯಾಹ್ನಕ್ಕೆ ತುಟಿ ಬಾತಿತು. ಬುಟ್ಟಿ ಎತ್ತಿ ತಿಪ್ಪೆಗೆ ಹಾಕಿದೆ.

ಅವ್ವ ನೋಡುತ್ತಿದ್ದಳು. "ಬದನೀಕಾಯಿ ಪಾಪ ಏನು ಮಾಡೇದ? ಅದು ಎರಡೂ ದಿನ ಮನ್ಯಾಗ ಇತ್ತು. ನೀ ನಿನ್ನೆ ಇರಲಿಲ್ಲ, ಇವತ್ತ ಅದೀ."

೫. ಒನಕೆ ನಿಂತಾಗ

ಅವ್ವನ ಮಾತು ನನ್ನ ಎದೆಗೆ ನಾಟಿತು. ನನ್ನ ಗ್ರಹಚಾರವೇ ಮಗಳಿಗೆ ಬಡಿಯುತ್ತಿದೆಯೋ ಏನೋ ಎಂದು ಹೆದರಿ ಪೂಜೆ ಹೆಚ್ಚು ಮಾಡಿದೆ. ತೀರ್ಥಪ್ರಸಾದವನ್ನೂ ಅವಳ ಅಂಗೈಗೆ ಒಂದಿಷ್ಟು ಹೆಚ್ಚೇ ಹಾಕತೊಡಗಿದೆ. ಅವಳ ಉಸಿರಿನ ಸಿಳ್ಳೆಯೂ ಹೆಚ್ಚಾಯಿತು. ಆ ವಾರ ನಮಗೆ ಗಂಜಿಯೂ ಇಳಿಯಲಿಲ್ಲ.

ಗುರುವಾರ ಪೂಜೆ ಮುಗಿಯುವುದಕ್ಕೂ ವೈದ್ಯರು ಬರುವುದಕ್ಕೂ ಸರಿಹೋಯಿತು. ಅಂಗಳದಲ್ಲಿ ನಮ್ಮ ಭತ್ತ ಕುಟ್ಟಿಕೊಡುವ ಸಿದ್ದಿ ಜನಾಂಗದ ಹೆಂಗಸು ರೇಷನ್ನಿನಲ್ಲಿ ಸಿಕ್ಕ ಭತ್ತಕ್ಕೆ ಒನಕೆ ಹಾಕುತ್ತಿದ್ದಳು. ಅವಳು ಕ್ರೈಸ್ತಳು, ಇಗರ್ಜಿಗೆ ಹೋಗುವವಳು. ನಮ್ಮ ದೇವರ ಹೂ ಕೊಟ್ಟರೆ ಮುಡಿಯುತ್ತಿದ್ದಳು, ಪ್ರಸಾದ ಮಾತ್ರ ಒಲ್ಲೆ ಎನ್ನುತ್ತಿದ್ದಳು. ಉಳಿದವರಿಗೆಲ್ಲ ಪ್ರಸಾದ ಹಂಚಿದೆ. ವೈದ್ಯರೂ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಜಗಿಯುತ್ತಲೇ ವಿಚಾರಣೆಗೆ ಕೂತರು.

"ಖರೇ ಹೇಳ್ರಿ. ಎದ್ದಾಗಿಂದ ಈ ಕೂಸು ಏನರೆ ತಿಂದದೇನು?"

"ಏನೂ ಇಲ್ರಿ" ಎಂದೆವು, ಜಗಿಯುತ್ತ.

"ಒಂದು ಹನಿ ಹಾಲು?"

"ಇಲ್ರಿ."

"ಒಂದು ತುಣುಕು ರೊಟ್ಟಿ?"

"ದೇವರಾಣಿ ಇಲ್ರಿ."

"ಹಂಗಾರ ಇದು ವೈದ್ಯಕ್ಕ ನಿಲುಕೂ ರೋಗ ಅಲ್ಲ" ಎಂದು ವೈದ್ಯರು ಕೈಚೆಲ್ಲಿದರು. ಹೆಂಡತಿ ಸೆರಗು ಕಣ್ಣಿಗೆ ಒತ್ತಿಕೊಂಡಳು. ಅಂಗಳದಲ್ಲಿ ಒನಕೆ ನಿಂತಿತು.

"ಅಣ್ಣಾರ, ಸಿಟ್ಟಾಗಬ್ಯಾಡ್ರಿ. ಈಗ ನೀವೆಲ್ಲಾರೂ ಏನು ಜಗೀಲಿಕ್ಕತ್ತೀರಿ?"

"ಪ್ರಸಾದ."

"ಪ್ರಸಾದದಾಗ ಏನೈತ್ರಿ?"

"ಶೇಂಗಾ, ಬೆಲ್ಲ" ಎಂದೆ. ಎಂದ ಮೇಲೆ ನನ್ನ ಮಾತು ನನ್ನ ಕಿವಿಗೇ ಬಿತ್ತು.

ಎಲ್ಲರ ದವಡೆಗಳೂ ನಿಂತವು. ಪ್ರಸಾದವನ್ನು ತಿನಿಸೆಂದು ಎಣಿಸುವ ಬುದ್ಧಿ ನಮ್ಮಲ್ಲಿ ಒಬ್ಬರಿಗೂ ಇರಲಿಲ್ಲ. ಅದು ಹೊಟ್ಟೆಗೆ ಹೋಗುತ್ತದೆಯೆಂದು ಯಾರು ತಿಳಿದಿದ್ದರು? ಪುಣ್ಯಕ್ಕೆ ಹೋಗುತ್ತದೆಂದೇ ನಂಬಿದ್ದೆವು. ಹೆಂಡತಿ ಮಗಳ ಬಾಯಿಗೆ ಬೆರಳು ಹಾಕಿ ಇದ್ದದ್ದನ್ನೆಲ್ಲ ತೆಗೆದಳು. ವೈದ್ಯರಿಗೆ ಉಗುಳುವಂತೆಯೂ ಇಲ್ಲ, ನುಂಗುವಂತೆಯೂ ಇಲ್ಲ. ಕಡೆಗೆ ನುಂಗಿ, "ಪಾಟಿ ತರ್ರಿ" ಎಂದರು.

ಮಗಳು ಮೆಲ್ಲಗೆ ಹೇಳಿದಳು: "ದಿನಾ ತಿಂದ ಕೂಡಲೆ ನಾಲಿಗಿ ಕಡೀತಿತ್ತಪ್ಪಾ. ಪ್ರಸಾದಕ್ಕ ಹಂಗ ಅನಬಾರದು ಅಂತ ಸುಮ್ಮನಿದ್ದೆ."

ಮರುದಿನ ಮುಂಜಾನೆ ನಾನು ಸ್ನಾನ ಮುಗಿಸಿ ಬಂದಾಗ ಅವ್ವ ಯಾರ ಮುಖವನ್ನೂ ನೋಡದೆ ಗಂಜಿಯ ಬಟ್ಟಲು ಹಿಡಿದು ದೇವರ ಕೋಣೆಗೆ ಹೋಗುತ್ತಿದ್ದಳು. ನಾನು ಬಾಗಿಲ ಹೊರಗೇ ನಿಂತೆ. ಒಳಗಿನಿಂದ ಅವಳ ದನಿ ಕೇಳಿಸಿತು:

"ನಿನ್ನ ಶೇಂಗಾದ ಸಲುವಾಗಿ ಕೂಸಿಗೆ ಭಾಳ ತ್ರಾಸಾತು. ಇನ್ನ ನೀನೂ ಗಂಜಿ ಕುಡಿ. ಬಾಯಿಗೆ ಹತ್ತವಲ್ಲದು ಅಂದ್ರ ನನ್ನ ಮುಂದ ಹೇಳಬ್ಯಾಡ. ಗುರುವಾರ ವೈದ್ಯರು ಬರ್ತಾರ, ಅವರನ್ನ ಕೇಳು."