ತಮಗೆಂದೇ ಕೊಂಡ ಹಗುರ ಬಂದೂಕು

ಇವರಿಗೆ,
ಶ್ರೀಮಾನ್ ವುಡ್‌ಚಕ್ ಅವರು,
ನಮ್ಮ ಹಿತ್ತಲಿನ ಶೆಡ್ಡಿನ ತಳಭಾಗ
(ಮುಂಬಾಗಿಲು ಬೀನ್ಸ್ ಸಾಲಿನ ಕಡೆಗೆ, ಹಿಂಬಾಗಿಲು ಎಲೆಕೋಸಿನ ಕಡೆಗೆ),
ಪಶ್ಚಿಮ ಪೆನ್ಸಿಲ್ವೇನಿಯ.

ವಿಷಯ: ತಮ್ಮನ್ನು ಕೊಲ್ಲಲು ಕೊಂಡ ಬಂದೂಕಿನಿಂದ ಈ ಮನೆಗೆ ಆಗುತ್ತಿರುವ ತೊಂದರೆಯ ಕುರಿತು.

ಮಾನ್ಯರೇ,

ತಾವು, ತಮ್ಮ ಬಿಲ ಹಾಗೂ ತಮ್ಮ ಮುಂದಿನ ಹಲ್ಲುಗಳು ಕ್ಷೇಮವೆಂದು ನಂಬಿದ್ದೇನೆ. ನಂಬುವುದೇನು, ಇಂದು ಬೆಳಿಗ್ಗೆ ಕಣ್ಣಾರೆ ಕಂಡಿದ್ದೇನೆ. ನೆಲದಲ್ಲಿ ಬಿಲ ತೋಡಿ ತೋಟ ಮೇಯುವ ತಾವು ವುಡ್‌ಚಕ್ಕುಗಳು ಅಳಿಲಿನ ವಂಶಸ್ಥರೆಂದು ಗ್ರಂಥಾಲಯದ ಪುಸ್ತಕವೊಂದರಲ್ಲಿ ಓದಿದೆ. ತಮ್ಮ ಹೊಟ್ಟೆಯನ್ನು ಕಂಡವರು ಅದನ್ನು ಸುಲಭವಾಗಿ ಒಪ್ಪಲಾರರು, ಆದರೂ ದೊಡ್ಡ ಮನೆತನಗಳಲ್ಲಿ ಒಬ್ಬಿಬ್ಬರು ಹೀಗೆ ಮೈ ಬೆಳೆಸಿಕೊಳ್ಳುವುದುಂಟು. ಫೆಬ್ರವರಿ ಬಂತೆಂದರೆ ನಮ್ಮ ರಾಜ್ಯದಲ್ಲಿ ಎತ್ತರದ ಟೋಪಿ ಹಾಕಿಕೊಂಡ ಗಂಡಸರು ತಮ್ಮ ಕುಲಬಾಂಧವರೊಬ್ಬರನ್ನು ಬಿಲದಿಂದ ಎತ್ತಿ ಹಿಡಿದು, ಚಳಿಗಾಲ ಮುಗಿಯಿತೇ ಸ್ವಾಮಿ ಎಂದು ಸಾವಿರಾರು ಜನರ ಮುಂದೆ ಕೇಳುವುದೂ ನನಗೆ ತಿಳಿಯದ್ದಲ್ಲ. ಅಂಥ ಗಣ್ಯ ಕುಟುಂಬದವರು ಬಾಡಿಗೆಯ ಮಾತೆತ್ತದೆ ನಮ್ಮ ಶೆಡ್ಡಿನ ಕೆಳಗೆ ನೆಲೆಸಿರುವುದು ನಮ್ಮ ಭಾಗ್ಯ. ತಮ್ಮ ಬಿಲದವರೆಗೆ ಅಂಚೆಯವನು ಬರುವುದಿಲ್ಲವಾದ್ದರಿಂದ ಈ ಪತ್ರವನ್ನು ಬಹಿರಂಗವಾಗಿಯೇ ಶೆಡ್ಡಿನ ಬಾಗಿಲಿಗೆ ಅಂಟಿಸುತ್ತಿದ್ದೇನೆ.

ಮೊದಲಿಗೆ ಬೀನ್ಸ್ ವಿಚಾರ. ಕಳೆದ ಬೇಸಿಗೆಯಲ್ಲಿ ನಾನು ಬೆಳೆಸಿದ ಬೀನ್ಸ್ ಸಾಲನ್ನು ತಾವು ಈ ತುದಿಯಿಂದ ಆ ತುದಿಯವರೆಗೆ, ಯಾವ ಗಿಡಕ್ಕೂ ಭೇದಭಾವವಾಯಿತೆಂದು ಅನಿಸದಂತೆ, ಸಮನಾಗಿ ಸವಿದಿರಿ. ಅದು ಸಬ್ಬಸಿಗೆ, ಬೆಳ್ಳುಳ್ಳಿ ಹಾಕಿ ವಿನಿಗರಿನಲ್ಲಿ ನೆನೆಸಿ ಶೀಶೆಗೆ ತುಂಬುವ ಬೀನ್ಸ್. ಈಸ್ಟರಿಗೆ ಮುಂಚಿನ ಶುಕ್ರವಾರಗಳಲ್ಲಿ ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಮೀನೂಟ ನಡೆಯುವಾಗ ಅದನ್ನು ಮಾರುವವಳು ನಾನು. ಈ ವರ್ಷ ಶೀಶೆಗಳು ಖಾಲಿಯಿದ್ದವು, ಮಾನ ಉಳಿಸಿಕೊಳ್ಳಲು ಅಂಗಡಿಯದನ್ನು ತಂದು ತುಂಬಿದೆ. ಪಕ್ಕದ ಮನೆಯ ಆರ್ಲೀನ್ ಒಂದು ಶೀಶೆಯನ್ನು ಬೆಳಕಿಗೆ ಹಿಡಿದು, ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ, "ಏನ್ ಡೋರೀನ್, ಈ ಸಲ ನಿನ್ ಬೀನ್ಸೆಲ್ಲ ಒಂದೇ ಅಳತೇಲಿ ಬೆಳ್ದಿದೆಯಲ್ಲ, ಸ್ಕೇಲ್ ಇಟ್ಟು ನೆಟ್ಟಿದ್ಯಾ?" ಎಂದಳು. ನಾನು ನಕ್ಕೆ, ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ತಮ್ಮ ಹೆಸರು ಹಿಡಿದು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಬೀನ್ಸ್ ಸಾಲು ಬೋಳಾದ ಆ ಬೇಸಿಗೆಯಲ್ಲೇ ನನ್ನ ಪತಿ ರೀಜಿಸ್ ತಮಗಾಗಿ ಬಂದೂಕು ತರುವ ತೀರ್ಮಾನಕ್ಕೆ ಬಂದರು. ಅವರ ಅಪ್ಪನ ಕಾಲದ ಜಿಂಕೆ ಬಂದೂಕು ಬೀರುವಿನಲ್ಲಿ ಇದ್ದೇ ಇತ್ತು, ಆದರೆ ಅದನ್ನು ತಮ್ಮ ಮೇಲೆ ಪ್ರಯೋಗಿಸಿದ್ದರೆ ತಮ್ಮ ಜೊತೆ ನಮ್ಮ ಶೆಡ್ಡೂ ಸ್ವರ್ಗಸ್ಥವಾಗುತ್ತಿತ್ತು. ಅದಲ್ಲದೆ, ಬಾಟಲಿ ಕಾರ್ಖಾನೆಯಲ್ಲಿ ಪೆಟ್ಟಿಗೆ ಎತ್ತೀ ಎತ್ತೀ ಅವರ ಬಲಭುಜ ಸವೆದುಹೋಗಿದೆ, ಭಾರವಾದದ್ದನ್ನು ಎತ್ತಲಾಗುವುದಿಲ್ಲ. ಆದ್ದರಿಂದ, ಮೀನಿನ ಗಾಳ, ಜೀವಂತ ಎರೆಹುಳು ಮತ್ತು ಬಂದೂಕು ಮೂರನ್ನೂ ಒಂದೇ ಕಟ್ಟೆಯ ಮೇಲೆ ಮಾರುವ ವೆಂಡೆಲ್ ಎಂಬವನ ಅಂಗಡಿಗೆ ಹೋಗಿ, ಒಂದು ಹಗುರವಾದ ಅರೆಸ್ವಯಂಚಾಲಿತ ಬಂದೂಕನ್ನು ತಂದೆವು. "ನೋಡಿ ಮಿಸೆಸ್ ಸ್ಕೋವ್ರಾನ್, ಎಷ್ಟು ಹಗುರ ಅಂದ್ರೆ ಕೈಯಲ್ಲಿ ಹಿಡ್ಕೊಂಡಿದೀನಿ ಅನ್ನೋದೇ ಮರ್ತೋಗುತ್ತೆ" ಎಂದ ವೆಂಡೆಲ್. ಅರೆಸ್ವಯಂಚಾಲಿತ ಅಂದರೆ ಏನಪ್ಪಾ ಎಂದು ಕೇಳಿದೆ. ಟ್ರಿಗರ್ ಒತ್ತಿದಾಗ ಒಂದು ಗುಂಡು ಹಾರಿ ಮುಂದಿನದು ತಾನಾಗಿ ಒಳಗೆ ಬಂದು ಕೂರುತ್ತದೆ, ಟ್ರಿಗರ್ ಒತ್ತುವ ಕೆಲಸ ಮಾತ್ರ ಮನುಷ್ಯನದು ಎಂದು ವಿವರಿಸಿದ. ಬಂದೂಕು ತನ್ನ ಪಾಲಿನ ಅರ್ಧ ಕೆಲಸವನ್ನು ಮಾಡಲು ಅಂದಿನಿಂದ ಇಂದಿನವರೆಗೆ ಸಿದ್ಧವಾಗಿಯೇ ಇದೆ; ಉಳಿದರ್ಧ ಇನ್ನೂ ಆಗಿಲ್ಲ.

ಏಕೆ ಆಗಿಲ್ಲವೆಂದರೆ, ತಂದ ವಾರದಲ್ಲೇ ರೀಜಿಸ್ ಅವರಿಗೆ ಬಂದೂಕಿನ ಮೇಲೊಂದು ದುರ್ಬೀನು ಬೇಕೆನಿಸಿತು. ದುರ್ಬೀನು ಬಂತು. ಅದರೊಳಗಿಂದ ನೋಡಿದಾಗ ತಾವು ದೊಡ್ಡದಾಗಿ ಕಂಡಿರಿ, ಜೊತೆಗೆ ಅವರ ಕೈನಡುಕವೂ ದೊಡ್ಡದಾಗಿ ಕಂಡಿತು, ಆದ್ದರಿಂದ ನಳಿಕೆಯ ಕೆಳಗೆ ಎರಡು ಮಡಚುವ ಕಾಲುಗಳು ಬಂದವು. ಕಾಲು ಬಂದ ಮೇಲೆ ಮರದ ಹಿಡಿ ಅಲುಗಾಡುತ್ತದೆಂದು ತಿಳಿದು ಹೊಸ ಹಿಡಿ ಬಂತು, ಹಿಡಿಗೆ ತಕ್ಕಂತೆ ದಪ್ಪ ನಳಿಕೆ ಬಂತು, ದಪ್ಪ ನಳಿಕೆ ಬಂದ ಮೇಲೆ ಭುಜ ನೋಯತೊಡಗಿ ಮೆತ್ತೆಯಿಟ್ಟ ಹೆಗಲಪಟ್ಟಿ ಬಂತು, ಪಟ್ಟಿಯೂ ಸಾಲದೆ ಕೊನೆಗೆ ಬಂದೂಕನ್ನು ಇಡಲು ಹಿಂದಿನ ಪಡಸಾಲೆಗೆ ಒಂದು ಮೇಜು, ಮೇಜಿನ ಮೇಲೆ ಎರಡು ಮರಳಿನ ಚೀಲಗಳು ಬಂದವು. ಕೈಯಲ್ಲಿರುವುದೇ ಮರೆತುಹೋಗಬೇಕಾಗಿದ್ದ ಬಂದೂಕು ಈಗ ಮೇಜಿನ ಮೇಲೆ ಮಲಗಿ ಬೀನ್ಸ್ ಸಾಲನ್ನೇ ದಿಟ್ಟಿಸುತ್ತಿತ್ತು. ತಾವು ಹಿಂಬಾಗಿಲಿನಿಂದ ಹೊರಟು ಎಲೆಕೋಸು ತಿಂದಿರಿ.

ಆಗ ವೆಂಡೆಲ್ ಬಂದೂಕನ್ನು ಹಗುರ ಮಾಡುವ ಸಾಮಾನುಗಳ ಬಗ್ಗೆ ಹೇಳಿದ. ಹಗುರವಾದ ನಳಿಕೆ, ಟೊಳ್ಳು ಹಿಡಿ, ಚಿಕ್ಕ ದುರ್ಬೀನು. ಹಗುರವಾಗಿದ್ದ ಬಂದೂಕನ್ನು ಭಾರ ಮಾಡಲು ಸುರಿದ ದುಡ್ಡಿಗಿಂತ ಅದನ್ನು ಮತ್ತೆ ಹಗುರ ಮಾಡಲು ಸುರಿದ ದುಡ್ಡೇ ಹೆಚ್ಚು. ಮಾರ್ಚಿನಲ್ಲಿ ಟ್ರಿಗರೂ ಬದಲಾಯಿತು, ಬೆರಳು ತಾಗಿದರೆ ಸಾಕೆನ್ನುವಷ್ಟು ಹಗುರವಾದದ್ದು ಬಂತು. "ಇದಕ್ಕಿಂತ ಹಗುರವಾದ್ದು ನಾನಂತೂ ಯಾರಿಗೂ ಹಾಕಿಕೊಡಲ್ಲ ರೀಜಿಸ್, ಇನ್ನೂ ಹಗುರ ಮಾಡಿದ್ರೆ ಸೀನಿದ್ರೂ ಹೊಡ್ಯುತ್ತೆ" ಎಂದು ವೆಂಡೆಲ್ ಕೈಮುಗಿಯುವುದೊಂದು ಬಾಕಿ. ಒಂದೊಂದು ಭಾಗ ಬದಲಾದಾಗಲೂ ರೀಜಿಸ್ ಬಂದೂಕನ್ನು ಖಾಲಿ ಮಾಡಿ, ಖಾಲಿಯಾಗಿದೆಯೆಂದು ಮತ್ತೊಮ್ಮೆ ನೋಡಿ, ನಾನು ಪಿಯರೋಗಿ ಕಡುಬಿಗೆ ಹಿಟ್ಟು ಲಟ್ಟಿಸುತ್ತಿರಲಿ, ಬಟ್ಟೆ ಮಡಚುತ್ತಿರಲಿ, ಅಡುಗೆಮನೆಗೆ ತಂದು, "ಡೋರೀನ್, ಒಂದ್ಸಲ ಎತ್ತಿ ನೋಡು, ಹೆಂಗಿದೆ?" ಎನ್ನುತ್ತಿದ್ದರು. ನಾನು ಹಿಟ್ಟಿನ ಕೈಯಲ್ಲೇ ಎತ್ತಿ, "ಇನ್ನೊಂದು ಸಾಮಾನು ಈ ಮನೆಗೆ ಬಂದ್ರೆ ನಾನು ನಮ್ಮಕ್ಕನ ಮನೆಗೆ ಹೋಗ್ತೀನಿ" ಎನ್ನುತ್ತಿದ್ದೆ. ಅಕ್ಕನ ಮನೆಗೆ ಹೋಗುವುದಿರಲಿ, ಫೋನು ಕೂಡ ಮಾಡಲಿಲ್ಲ.

ಈ ಇಡೀ ಅವಧಿಯಲ್ಲಿ ತಾವು ತೋರಿದ ತಾಳ್ಮೆಯನ್ನು ಹೇಗೆ ಹೊಗಳಲಿ! ಬೇರೆ ಪ್ರಾಣಿಯಾಗಿದ್ದರೆ ಇಷ್ಟು ಹೊತ್ತಿಗೆ ಬೇಸತ್ತು ಪಕ್ಕದ ಹಿತ್ತಲಿಗೆ ಹೋಗಿ, ಯಾವುದೇ ಬದಲಾವಣೆಯಿಲ್ಲದ ಸಾದಾ ಬಂದೂಕಿನಿಂದ ಸಾಧಾರಣ ಸಾವು ಪಡೆಯುತ್ತಿತ್ತು. ತಾವು ಹಾಗಲ್ಲ. ತಮ್ಮ ಚಳಿಗಾಲದ ನಿದ್ದೆಯ ತಿಂಗಳುಗಳನ್ನು ಬಿಟ್ಟರೆ, ನಳಿಕೆ ಅಂಚೆಯಲ್ಲಿ ಬರುವುದು ತಡವಾದ ವಾರಗಳಲ್ಲೂ ಪ್ರತಿ ಬೆಳಿಗ್ಗೆ ತಪ್ಪದೆ ಹೊರಬಂದು, ಹಿಂಗಾಲುಗಳ ಮೇಲೆ ನೆಟ್ಟಗೆ ನಿಂತು, ಮುಂಗೈಗಳನ್ನು ಹೊಟ್ಟೆಯ ಮೇಲೆ ಜೋಡಿಸಿಕೊಂಡು, ನಮ್ಮ ಪಡಸಾಲೆಯ ಕಡೆ ನೋಡಿ, ಕೆಲಸ ಎಲ್ಲಿಗೆ ಬಂತೆಂದು ವಿಚಾರಿಸುವ ಮೇಸ್ತ್ರಿಯಂತೆ ನಿಲ್ಲುತ್ತಿದ್ದಿರಿ. ಇಂಥ ಸಹಕಾರ ನಮ್ಮ ಪಟ್ಟಣದ ಯಾವ ಕಚೇರಿಯಲ್ಲೂ ನನಗೆ ಸಿಕ್ಕಿಲ್ಲ.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ.

ತಾವು ನಮ್ಮಲ್ಲಿಗೆ ಬರುವುದಕ್ಕೆ ಮುಂಚಿನ ಶರತ್ಕಾಲದಲ್ಲಿ ಬಾಟಲಿ ಕಾರ್ಖಾನೆಯನ್ನು ಮುಚ್ಚಿ ಅದರ ಕುಲುಮೆಯನ್ನು ಆರಿಸಿದರು. ರೀಜಿಸ್ ಹುಡುಗನಾಗಿದ್ದಾಗಿನಿಂದ ಅದು ಒಂದು ದಿನವೂ ಆರಿದ್ದಿಲ್ಲವಂತೆ. ಅಂದು ಊಟದ ಡಬ್ಬಿಯನ್ನು ಹಾಗೇ ವಾಪಸು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಹಿತ್ತಲು ಕಾಣುವ ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತರು. ಆ ಚಳಿಗಾಲವಿಡೀ ಅಲ್ಲೇ ಕೂತರು. ಟಿ.ವಿ. ಹಾಕಿದರೆ ನೋಡುತ್ತಿರಲಿಲ್ಲ, ಆರಿಸಿದರೆ ಏಕೆಂದು ಕೇಳುತ್ತಿರಲಿಲ್ಲ. ಊಟಕ್ಕೆ ಎಲೆಕೋಸಿನ ಹಾಲುಷ್ಕಿ ಮಾಡಲಾ ಎಂದರೆ ಹ್ಞೂಂ, ಬೇಡವಾ ಎಂದರೂ ಹ್ಞೂಂ. ಮಗಳು ಫೋನು ಮಾಡಿದಾಗ ರಿಸೀವರನ್ನು ಕಿವಿಗಿಟ್ಟುಕೊಂಡು ಕೇಳಿ, ನನ್ನ ಕೈಗೆ ಕೊಡುತ್ತಿದ್ದರು. ನನಗೆ ಹೆದರಿಕೆಯಾಗಿತ್ತು, ಮಾನ್ಯರೇ. ಎದುರಿಗೆ ಕೂತ ಮನುಷ್ಯ ದಿನದಿನವೂ ಸ್ವಲ್ಪಸ್ವಲ್ಪವೇ ದೂರ ಹೋಗುತ್ತಿದ್ದರೆ ಎಲ್ಲಿ ಹಿಡಿದು ನಿಲ್ಲಿಸಬೇಕೆಂದು ನನಗೆ ತಿಳಿದಿರಲಿಲ್ಲ.

ಹಾಗಿರುವಾಗ ಜೂನ್ ತಿಂಗಳ ಒಂದು ಬೆಳಿಗ್ಗೆ ತಾವು ನನ್ನ ಬೀನ್ಸ್ ಸಾಲಿಗೆ ಮೊದಲ ಬಾಯಿ ಹಾಕಿದಿರಿ. ರೀಜಿಸ್ ಕುರ್ಚಿಯಿಂದ ಎದ್ದು ನಿಂತು ಗಾಜಿಗೆ ಕೈ ಬಡಿದು, "ಡೋರೀನ್! ಬಾ ಇಲ್ಲಿ, ನೋಡು ಆ ಕಳ್ಳನ್ನ! ಹೊಟ್ಟೆ ನೋಡು ಅವನ್ದು!" ಎಂದು ಕೂಗಿದರು. ನಾನು ಓಡಿ ಬಂದೆ. ತಮ್ಮನ್ನು ನೋಡಲಿಲ್ಲ, ಅವರನ್ನು ನೋಡಿದೆ.

ಅಂದಿನಿಂದ ಅವರು ಮಾತಾಡುತ್ತಿದ್ದಾರೆ. ವೆಂಡೆಲ್ ಜೊತೆ ಮಾತಾಡುತ್ತಾರೆ, ದುರ್ಬೀನು ತಯಾರಿಸುವವರಿಗೆ ಫೋನು ಮಾಡಿ ಮಾತಾಡುತ್ತಾರೆ, ಟೊಳ್ಳು ಹಿಡಿ ಒಳ್ಳೆಯದೋ ಗಟ್ಟಿಯದೋ ಎಂದು ಚರ್ಚಿನ ಪಾದ್ರಿಗಳ ಜೊತೆ ವಾದ ಮಾಡುತ್ತಾರೆ, ತಾವು ಎಷ್ಟು ಹೊತ್ತಿಗೆ ಹೊರಬಂದಿರಿ, ಏನು ತಿಂದಿರಿ ಎಂದು ಮಗಳಿಗೆ ವರದಿ ಮಾಡುತ್ತಾರೆ. ಬಂದೂಕು ಭಾರವಾದಷ್ಟೂ ನಮ್ಮ ಮನೆ ಹಗುರವಾಯಿತು. ಇದು ನನ್ನ ಬೀನ್ಸ್ ಕೊಟ್ಟು ಕೊಂಡದ್ದು ಎಂಬುದನ್ನು ತಾವು ಮರೆಯಬಾರದು.

ಆದರೆ ಕಳೆದ ಶನಿವಾರ ವೆಂಡೆಲ್ ಒಂದು ಅನಾಹುತ ಮಾಡಿದ. ಬಂದೂಕನ್ನು ಕಟ್ಟೆಯ ಮೇಲಿಟ್ಟು, ಅತ್ತಿತ್ತ ತಿರುಗಿಸಿ ನೋಡಿ, "ಮುಗೀತು ರೀಜಿಸ್. ಇದ್ರಲ್ಲಿ ಬದ್ಲಾಯಿಸೋಕೆ ಇನ್ನೇನೂ ಉಳಿದಿಲ್ಲ" ಎಂದುಬಿಟ್ಟ. ರೀಜಿಸ್ ಬಂದೂಕನ್ನು ಮನೆಗೆ ತಂದು, ಮತ್ತೆ ಆ ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತರು. ಬಂದೂಕು ಎತ್ತಿ ನೋಡೆಂದು ನನ್ನನ್ನು ಕರೆಯಲೂ ಇಲ್ಲ. ಎರಡು ದಿನ ಬಿಟ್ಟು, ನಿನ್ನೆ ಊಟದ ಹೊತ್ತಿಗೆ ತಟ್ಟೆ ನೋಡುತ್ತಲೇ, "ನಾಳೆ ಬೆಳಿಗ್ಗೆ ಮುಗಿಸಿಬಿಡ್ತೀನಿ" ಎಂದರು. ವರ್ಷವಿಡೀ ತಮ್ಮ ಸಾವನ್ನು ಬಯಸಿದವಳು ನಾನು. ಆದರೂ ನನ್ನ ತಟ್ಟೆಯ ಆಲೂಗಡ್ಡೆಯನ್ನು ಹಾಗೇ ಡಬ್ಬಿಗೆ ಹಾಕಿಟ್ಟೆ.

ಇಂದು ಬೆಳಿಗ್ಗೆ ಅವರು ಕಿತ್ತಳೆ ಬಣ್ಣದ ಬೇಟೆಟೋಪಿ ಹಾಕಿಕೊಂಡು ಪಡಸಾಲೆಯ ಮೇಜಿಗೆ ಕೂತರು. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ತಾವು ಹೊರಬಂದಿರಿ. ಎಲೆಕೋಸಿನ ಕಡೆ ಹೋಗಬಾರದಿತ್ತೇ? ಇಲ್ಲ, ಈ ವರ್ಷದ ಹೊಸ ಬೀನ್ಸ್ ಸಾಲಿನ ನಡುವೆಯೇ, ಬೆನ್ನ ಹಿಂದೆ ಬರೀ ಗುಡ್ಡವಿದ್ದು ಗುಂಡು ತಪ್ಪಿದರೂ ಯಾರಿಗೂ ತಾಗದ ಜಾಗದಲ್ಲಿ, ಫೋಟೋ ತೆಗೆಸಿಕೊಳ್ಳುವವರಂತೆ ನೆಟ್ಟಗೆ ನಿಂತಿರಿ. ರೀಜಿಸ್ ಹಿಡಿಗೆ ಕೆನ್ನೆ ಆನಿಸಿದರು. ನನ್ನ ಕೈಯಲ್ಲಿ ಪಾತ್ರೆಯ ಮುಚ್ಚಳವಿತ್ತು. ಬೀಳಿಸಿದ್ದರೆ ತಾವು ಓಡುತ್ತಿದ್ದಿರಿ. ಬೀಳಿಸಲಿಲ್ಲ, ಅದು ಅವರ ಬೆಳಗು, ನಾನು ಕೈಹಾಕುವುದು ಸರಿಯಲ್ಲವೆನಿಸಿತು. ತಾವು ಒಂದು ಬೀನ್ಸನ್ನು ಪೂರ್ತಿ ತಿಂದು ಇನ್ನೊಂದನ್ನು ಕಿತ್ತಿರಿ. ಆಗ ಅವರು ಕೆನ್ನೆ ಎತ್ತಿ, ಬಂದೂಕನ್ನು ಖಾಲಿ ಮಾಡಿ, ಖಾಲಿಯಾಗಿದೆಯೆಂದು ಮತ್ತೊಮ್ಮೆ ನೋಡಿ, ನನ್ನ ಕಡೆ ತಿರುಗದೆಯೇ ಹೇಳಿದರು: "ಡೋರೀನ್, ಈ ಟ್ರಿಗರ್ರು ಯಾಕೋ ಒಂಚೂರು ಭಾರ ಅನ್ಸುತ್ತೆ ಕಣೇ."

ಸೀನಿದರೂ ಹೊಡೆಯುವುದಕ್ಕೆ ಕೂದಲೆಳೆಯಷ್ಟೇ ಬಾಕಿಯಿರುವ ಟ್ರಿಗರು!

"ಹೌದು, ಭಾರಾನೇ" ಎಂದೆ. ಬಂದೂಕನ್ನು ಎಷ್ಟೋ ಸಲ ಎತ್ತಿದ್ದರೂ ಆ ಟ್ರಿಗರಿಗೆ ಒಮ್ಮೆಯೂ ಬೆರಳು ತಾಗಿಸಿದವಳಲ್ಲ ನಾನು. "ಸುಮ್ನೆ ಯಾಕೆ ಕಷ್ಟಪಡ್ತೀಯ, ವೆಂಡೆಲ್‌ಗೆ ಹೇಳಿ ಬೇರೆ ತರ್ಸು" ಎಂದೆ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು, ಬೇರೆ ದೇಶದಲ್ಲಿ ಯಾರೋ ಒಬ್ಬ ಟ್ರಿಗರ್ ಮಾಡುತ್ತಾನಂತೆ, ಆದರೆ ಬರುವುದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದು ಶುರುಮಾಡಿದರು. ಮಧ್ಯಾಹ್ನದವರೆಗೂ ನಿಲ್ಲಿಸಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಇನ್ನು ಮುಂದೆ ತಾವು ಅಷ್ಟು ನೆಟ್ಟಗೆ, ಅಷ್ಟು ಹೊತ್ತು, ಅಷ್ಟು ಅಲುಗಾಡದೆ ನಿಲ್ಲಬಾರದು. ಪಾಪ, ಆ ಮನುಷ್ಯನಿಗೆ ದಿನವೂ ಹೊಸ ನೆಪ ಎಲ್ಲಿಂದ ಸಿಗಬೇಕು? ಹಾಗೆಂದು ಬರುವುದನ್ನೂ ತಪ್ಪಿಸಬಾರದು. ಬೀನ್ಸ್ ಸಾಲನ್ನು ಅರ್ಧದವರೆಗೆ ಮಾತ್ರ ತಿಂದು, ಉಳಿದರ್ಧವನ್ನು ಆರ್ಲೀನಳ ಬಾಯಿ ಮುಚ್ಚಿಸಲು ನನಗೆ ಬಿಡಬೇಕು. ತಮ್ಮ ಕುಲದವರು ಹೆಚ್ಚೆಂದರೆ ಐದಾರು ವರ್ಷ ಬಾಳುತ್ತಾರೆಂದು ಆ ಪುಸ್ತಕದಲ್ಲಿ ಬರೆದಿದೆ. ಈ ಪದ್ಧತಿಯನ್ನು ತಾವು ದಯವಿಟ್ಟು ಮರುಪರಿಶೀಲಿಸಬೇಕು. ರೀಜಿಸ್ ಅವರ ಅಪ್ಪ ತೊಂಬತ್ತು ದಾಟಿ ಬದುಕಿದರು, ಮಗನಿಗೆ ಈಗಷ್ಟೇ ಅರವತ್ತಮೂರು. ಲೆಕ್ಕ ತಮಗೇ ತಿಳಿಯುತ್ತದೆ. ಅಷ್ಟು ಕಾಲ ಇರುವುದು ತಮ್ಮಿಂದ ಆಗದಿದ್ದರೆ, ತಮ್ಮಷ್ಟೇ ಹೊಟ್ಟೆಯಿರುವ ಮಗನೊಬ್ಬನನ್ನು ಈಗಿನಿಂದಲೇ ತಯಾರು ಮಾಡಬೇಕೆಂದು ಕೋರುತ್ತೇನೆ.

ಬೀನ್ಸ್ ಇರುವವರೆಗೆ
ತಮ್ಮ ವಿಶ್ವಾಸಿ,
ಡೋರೀನ್ ಸ್ಕೋವ್ರಾನ್

ತಾ.ಕ.: ಶೆಡ್ಡಿಗೆ ಹೋಗಿಬರುವ, ಓದಲು ಕನ್ನಡಕ ಬೇಕಾಗುವ ಈ ಮನೆಯ ಇನ್ನೊಬ್ಬರು ಇದನ್ನು ಓದಿದರೆ ನನ್ನ ಅಭ್ಯಂತರವಿಲ್ಲ, ಓದಿ, ಓದಿಲ್ಲವೆಂಬಂತೆ ಊಟಕ್ಕೆ ಬರಲಿ. ಮತ್ತೊಂದು ಸಂಗತಿ. ಬಿಚ್ಚಿಟ್ಟ ಹಳೆಯ ನಳಿಕೆ, ಮರದ ಹಿಡಿ, ಮೊದಲಿನ ಟ್ರಿಗರ್ ಎಲ್ಲ ಬೀರುವಿನಲ್ಲಿವೆ. ಗುಂಡು ಬಂದು ಕೂರುವ ನಡುವಿನ ಒಂದೇ ಒಂದು ತುಂಡು ತಂದರೆ ಅವೆಲ್ಲ ಸೇರಿ ಮತ್ತೊಂದು ಬಂದೂಕು ಆಗುತ್ತದಂತೆ, ಅಂಗಡಿಯಿಂದ ಬಂದಾಗ ಇದ್ದಂಥದ್ದೇ ಹಗುರವಾದದ್ದು. ಅದನ್ನು ನನ್ನ ಹುಟ್ಟುಹಬ್ಬಕ್ಕೆ ಕೊಡುವುದಾಗಿ ರೀಜಿಸ್ ಹೇಳಿದ್ದಾರೆ. ನನಗೆ ಕೈ ನಡುಗುವುದಿಲ್ಲ, ಯಾವ ಭಾಗವನ್ನೂ ಬದಲಾಯಿಸುವ ಅಭ್ಯಾಸವೂ ಇಲ್ಲ. ಎಲೆಕೋಸಿನ ತಂಟೆಗೆ ಹೋಗಬೇಡಿ.