ಸಾಹೇಬರ ಓದಿಗೆ ಕಾವಲು

ಚಳಿಗಾಲ ಆಗಷ್ಟೇ ಕಾಲಿಟ್ಟಿತ್ತು. ದುಬೈಯಿಂದ ಬೆಂಗಳೂರಿಗೆ ನೇರ ವಿಮಾನ ಹಾರತೊಡಗಿದ ಹೊಸತು. ಶುಕ್ರವಾರದ ಜುಮಾ ನಮಾಜು ಮುಗಿದು, ಅಲ್ ಕುಸೈಸ್ ಬಡಾವಣೆ ಬಿರಿಯಾನಿ ಉಂಡು ಮಗ್ಗುಲು ಬದಲಿಸುವ ಹೊತ್ತಿನಲ್ಲಿ ದ್ವಾರಕನಾಥ ಒಂದು ಚೀಟಿ ಹಿಡಿದು ತನ್ನ ಕಟ್ಟಡದ ಮೂರನೆಯ ಮಹಡಿಗೆ ಹೋದ. ಅವನ ಕಷ್ಟ ಅಲ್ಲಿಂದ ಶುರುವಾಯಿತು.

ಚೀಟಿಗೆ ಬೇಕಾಗಿದ್ದದ್ದು ಒಂದು ರುಜು, ಅಷ್ಟೆ. ಅವನು ಜೆಬೆಲ್ ಅಲಿಯ ಗೋದಾಮು ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್. ಅವನ ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿತ್ತು. ಮೂರನೆಯ ಮಹಡಿಯಲ್ಲಿದ್ದ ಮ್ಯಾನೇಜರ್ ಗ್ಲಾಸ್‌ಮನ್ ಸಾಹೇಬರ ರುಜು ಕಂಡರೆ ಮಾತ್ರ ರಾತ್ರಿ ಪಾಳಿಯವರು ಅದನ್ನು ಹೊರಗೆ ಕೊಡುವುದು. ಮಾರನೆಯ ಬೆಳಿಗ್ಗೆ ವಿಮಾನ, ಸಂಜೆ ಮೈಸೂರಿನಲ್ಲಿ ಹೆಣ್ಣು ನೋಡುವ ಶಾಸ್ತ್ರ. ತಲೆಗೂದಲು ಹಿಂದೆ ಸರಿಯತೊಡಗಿದ ಮೇಲೆ ಸಿಕ್ಕಿದ ಹೆಣ್ಣು. ಹುಡುಗಿಯ ತಂದೆಯೋ ಖಡಕ್ ಮನುಷ್ಯ. ಹೇಳಿದ ದಿನ ಗಂಡು ಬಾರದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದು ಮೊದಲೇ ತಿಳಿಸಿದ್ದರು.

ಸಾಹೇಬರು ಗುರುವಾರವೇ ಹೇಳಿದ್ದರು. "ನಾಳೆ ಮನೆಯಲ್ಲೇ ಇರ್ತೀನಿ. ಸಂಜೆಯೊಳಗೆ ಬಾ. ಬಾಗಿಲು ಜೋರಾಗಿ ಬಡಿ, ಸಂಕೋಚ ಬೇಡ."

ದೊಡ್ಡವರು ಮರ್ಯಾದೆಗೆ ಹಾಗನ್ನುತ್ತಾರೆ ಎಂದುಕೊಂಡು ದ್ವಾರಕನಾಥ ಬಾಗಿಲು ಬಡಿಯುವ ಮಾತನ್ನು ಅಲ್ಲೇ ಬಿಟ್ಟು ಬಂದಿದ್ದ.

ಗ್ಲಾಸ್‌ಮನ್ ಸಾಹೇಬರು ಲಂಡನ್ನಿನವರು, ಯಹೂದಿ ಮತದವರು. ಇದು ಕಟ್ಟಡಕ್ಕೆಲ್ಲ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಹಾಲಿಗೆ ಬೇರೆ ಪಾತ್ರೆ, ಮಾಂಸಕ್ಕೆ ಬೇರೆ ಪಾತ್ರೆ. ಎದುರು ಮನೆಯ ಪುಟ್ಟಮ್ಮ, ತಮ್ಮ ಅತ್ತೆಯ ಮಡಿ ಇವರ ಮುಂದೆ ಏನೇನೂ ಅಲ್ಲ ಎಂದು ತೀರ್ಪು ಕೊಟ್ಟಿದ್ದರು. ಶುಕ್ರವಾರ ಸಂಜೆಯಾದರೆ ಸಾಹೇಬರು ಲಿಫ್ಟ್ ಹತ್ತುತ್ತಿರಲಿಲ್ಲ, ಮೆಟ್ಟಿಲಲ್ಲೇ ಓಡಾಡುತ್ತಿದ್ದರು. ಅದು ಮಂಡಿಗೆ ವ್ಯಾಯಾಮ ಎಂದು ವಾಚ್‌ಮನ್ ಮುಹಿಯುದ್ದೀನ್ ಹೇಳಿದ್ದನ್ನು ಎಲ್ಲರೂ ನಂಬಿದ್ದರು.

ಗಾಳಿಗೆಂದು ತೆರೆದಿಟ್ಟ ಬಾಗಿಲಿನ ಸಂದಿಯಿಂದ ದ್ವಾರಕನಾಥ ಇಣುಕಿದ. ಸಾಹೇಬರು ತಲೆಗೆ ಪುಟ್ಟ ಟೋಪಿ ಇಟ್ಟು, ಹಲಗೆಯಷ್ಟು ದೊಡ್ಡ ಪುಸ್ತಕದ ಮುಂದೆ ಕೂತಿದ್ದರು. ಪುಟದ ನಡುವೆ ನಾಲ್ಕಾರು ಸಾಲು, ಬೆಲ್ಲದಚ್ಚಿಗೆ ಇರುವೆ ಮುತ್ತಿದಂತೆ ಸುತ್ತಲೂ ಸಣ್ಣಕ್ಷರ. ಹಿಂದಕ್ಕೂ ಮುಂದಕ್ಕೂ ತೂಗುತ್ತಾ ರಾಗವಾಗಿ ಓದುತ್ತಿದ್ದರು. ನಡುನಡುವೆ ಹೆಬ್ಬೆರಳೆತ್ತಿ, ಎದುರಿಗೆ ಯಾರೋ ಕೂತಿರುವಂತೆ ತಾವೇ ಕೇಳಿ, ತಾವೇ ಜಗಳವಾಡಿ, ತಾವೇ ಸೋತು ತಲೆದೂಗುತ್ತಿದ್ದರು. ಚಹಾ ಆರಿ ತಣ್ಣಗಾಗಿತ್ತು. ಒಂದು ನೊಣ ಮೂಗಿನ ಮೇಲೆ ಕೂತು, ಕೇಳುವವರಿಲ್ಲವೆಂದು ಬೇಸತ್ತು ಎದ್ದು ಹೋಯಿತು.

ದ್ವಾರಕನಾಥ ಎತ್ತಿದ ಕೈ ಇಳಿಸಿದ. ಚಿಕ್ಕಂದಿನಲ್ಲಿ ಅವನು ಐಸ್‌ಕ್ಯಾಂಡಿಗೆ ಕಾಸು ಕೇಳಲು ಜಪಕ್ಕೆ ಕೂತ ತಾತನನ್ನು ಅಲುಗಾಡಿಸಿದ್ದ. ತಾತ ಆ ದಿನ ಊಟ ಬಿಟ್ಟರು. ಮಗನ ಮದುವೆ ಮುಂದೆ ಹೋದಾಗಲೆಲ್ಲ ತಾಯಿ ಚೆಲುವಮ್ಮ ಆ ಐಸ್‌ಕ್ಯಾಂಡಿಯನ್ನೇ ನೆನೆಯುತ್ತಿದ್ದರು. ಈಗ ಹೆಣ್ಣು ನೋಡುವ ಹಿಂದಿನ ದಿನವೇ ಇನ್ನೊಬ್ಬ ಹಿರಿಯರ ತಪಸ್ಸು ಕೆಡಿಸುವುದೇ? ಓದು ಮುಗಿಯಲಿ ಎಂದು ಅವನು ಮೆಟ್ಟಿಲ ಮೇಲೆ ಕೂತ.

ಕೂತ ಮೇಲೆ ಆ ಮಹಡಿಯ ಗದ್ದಲ ಅವನ ಕಿವಿಗೆ ಬಿತ್ತು. ಪುಟ್ಟಮ್ಮನ ಮಗ ಧನುಷ್, ಗೆಳೆಯರನ್ನು ಕಟ್ಟಿಕೊಂಡು ಕಾರಿಡಾರಿನಲ್ಲೇ ಕ್ರಿಕೆಟ್ ಆಡುತ್ತಿದ್ದ. ಸದ್ದು ಮಾಡಬೇಡಿ ಎಂದರೆ, "ಅಂಕಲ್, ಲಾಸ್ಟ್ ಓವರ್, ಪ್ಲೀಸ್," ಎಂದ. ಆ ಓವರ್ ಮುಗಿಯುವ ಜಾತಿಯದಾಗಿರಲಿಲ್ಲ. ದ್ವಾರಕನಾಥ ನೆಲಮಹಡಿಯ ತನ್ನ ಮನೆಯ ಕೀಲಿ ಕೊಟ್ಟು, ಅಲ್ಲಿ ಆಡಿಕೊಳ್ಳಿ ಎಂದು ಕಳಿಸಿದ.

ಅಷ್ಟರಲ್ಲಿ ಪುಟ್ಟಮ್ಮನ ಮಿಕ್ಸಿ ಕೂಗತೊಡಗಿತು. ಅವರೂ ಅದೇ ವಿಮಾನಕ್ಕೆ ಮೈಸೂರಿಗೆ ಹೊರಟವರು. ಮದುವೆಯಾಗದ ತಮ್ಮನಿಗೆ ಖರ್ಜೂರದ ಬರ್ಫಿ ಒಯ್ಯಲು ಬಾದಾಮಿ ಪುಡಿ ಮಾಡುತ್ತಿದ್ದರು. ದ್ವಾರಕನಾಥ ಕೈಮುಗಿದ. ಮಿಕ್ಸಿಯೂ ಬಾದಾಮಿಯೂ ಅವನ ಮನೆಗೆ ಇಳಿದವು.

ಆಮೇಲೆ ಪಕ್ಕದ ಫ್ಲಾಟಿನಲ್ಲಿ ಎಸಿ ರಿಪೇರಿಯವನು ಡ್ರಿಲ್ ಹಚ್ಚಿದ. ಇವತ್ತು ತೂತು ಕೊರೆಯದೆ ಹೋದರೆ ತನ್ನ ಮೇಸ್ತ್ರಿ ಬಿಡುವುದಿಲ್ಲ ಎಂದು ಹಟ ಹಿಡಿದ. ದ್ವಾರಕನಾಥ ತನ್ನ ಮನೆಯ ಗೋಡೆಯನ್ನೇ ಧಾರೆಯೆರೆದ. ತನ್ನ ಎಸಿಯೂ ಹೇಗೂ ಸೋರುತ್ತಿತ್ತು.

ಸ್ವಲ್ಪ ಹೊತ್ತಿಗೆ ಮುಹಿಯುದ್ದೀನ್ ಏದುಸಿರು ಬಿಡುತ್ತಾ ಹತ್ತಿ ಬಂದ. "ಎಂತ ದ್ವಾರಕಣ್ಣ, ನಿಮ್ಮ ಮನೆಯಲ್ಲಿ ಮದುವೆ ಉಂಟಾ? ಗಲಾಟೆ ರೋಡಿಗೆ ಕೇಳ್ತದೆ."

"ಇನ್ನೂ ಹೆಣ್ಣೇ ನೋಡಿಲ್ಲ ಮಾರಾಯ. ಮೆತ್ತಗೆ ಮಾತಾಡು."

"ನೋಡ್ಲಿಕ್ಕೆ ಹೋಗುವಾಗ ಎಂತ ಹಾಕ್ತೀರಿ ಹಾಗಾದರೆ? ಹೊಸ ಅಂಗಿಯ ಮೇಲೆ ಬಾದಾಮಿ ಹುಡಿ. ಸೂಟ್‌ಕೇಸನ್ನು ಮಕ್ಕಳು ಸ್ಟಂಪ್ ಮಾಡಿದ್ದಾರೆ."

ದ್ವಾರಕನಾಥ ಕೂತಲ್ಲಿಂದಲೇ ಮೆಟ್ಟಿಲ ಕೆಳಗೆ ಒಮ್ಮೆ ಬಗ್ಗಿ ನೋಡಿದ. ಆದರೂ ಏಳಲಿಲ್ಲ. ಮಹಡಿ ಈಗ ಗರ್ಭಗುಡಿಯಂತೆ ನಿಶ್ಶಬ್ದವಾಗಿತ್ತು. ಒಳಗೆ ಸಾಹೇಬರ ರಾಗ ಯಾಕೋ ಕುಂಟುತ್ತಿತ್ತು. ಒಂದು ಸಾಲು ಓದಿ ನಿಲ್ಲುವರು, ಸುತ್ತ ನೋಡುವರು, ಮತ್ತೆ ಪುಟದ ತಲೆಯಿಂದ ಶುರು ಮಾಡುವರು. ಎಂಥ ಶ್ರದ್ಧೆ ಎಂದು ದ್ವಾರಕನಾಥ ಬೆರಗಾದ.

ಕಿಟಕಿಯ ಬೆಳಕು ಕೆಂಪಾಯಿತು. ಸಾಹೇಬರು ಬೆಚ್ಚಿ ಎದ್ದು, ಪುಸ್ತಕಕ್ಕೆ ಮುತ್ತಿಟ್ಟು ಮುಚ್ಚಿ, ಅವಸರದಲ್ಲಿ ಎರಡು ಮೇಣದಬತ್ತಿ ಹಚ್ಚಿದರು. ಓದು ಮುಗಿಯಿತು ಎಂದು ದ್ವಾರಕನಾಥನೂ ಎದ್ದ. ಆದರೆ ಪೂಜೆಯ ನಡುವೆ ಬಾಯಿ ಹಾಕಬಾರದೆಂದು ಇನ್ನಷ್ಟು ಹೊತ್ತು ಕಾದ. ಸಾಹೇಬರು ತಿರುಗಿ ಅವನನ್ನು ಕಂಡಾಗ ಹೊರಗೆ ಬೀದಿದೀಪ ಹತ್ತಿತ್ತು.

"ಎಷ್ಟು ಹೊತ್ತಾಯ್ತು ನೀನು ಬಂದು?"

"ಮಧ್ಯಾಹ್ನವೇ ಬಂದೆ ಸರ್." ದ್ವಾರಕನಾಥ ಚೀಟಿಯನ್ನೂ ಪೆನ್ನನ್ನೂ ನೀಡಿದ. "ನಿಮ್ಮ ಓದಿಗೆ ಭಂಗ ಬರಬಾರದು ಅಂತ ಒಂದು ಸದ್ದೂ ಆಗದ ಹಾಗೆ ನೋಡ್ಕೊಂಡೆ."

ಸಾಹೇಬರು ಪೆನ್ನಿಗೆ ಕೈ ಚಾಚಲಿಲ್ಲ. ಕುರ್ಚಿ ಎಳೆದು ಮೊದಲು ಅವನನ್ನು ಕೂರಿಸಿದರು.

"ನಮಗೆ ಸಬ್ಬತ್, ಯಾವ ಕೆಲಸವನ್ನೂ ಮಾಡಬಾರದ ದಿನ, ಶುರುವಾಯ್ತು, ಮಗೂ. ನಾಳೆ ರಾತ್ರಿ ನಕ್ಷತ್ರ ಮೂಡೋವರೆಗೆ ನಾನು ಬರೆಯೋ ಹಾಗಿಲ್ಲ. ರುಜೂನೂ ಹಾಕೋ ಹಾಗಿಲ್ಲ."

ದ್ವಾರಕನಾಥ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿದ.

"ಆ ಗದ್ದಲ ನಿಲ್ಲಿಸಿದ್ದು ನೀನಾ?" ಸಾಹೇಬರ ದನಿಯಲ್ಲಿ ಕೋಪವಿರಲಿಲ್ಲ. "ನಾನು ಓದು ಕಲಿತ ಮಠದಲ್ಲಿ ನೂರು ಜನ ಒಂದೇ ಕೋಣೇಲಿ ಜೋಡಿಜೋಡಿಯಾಗಿ ಕೂತು ಕೂಗಾಡಿ ಓದ್ತಿದ್ವಿ. ಸುತ್ತ ಗಲಾಟೆ ಇದ್ರೇನೇ ನನಗೆ ಮನಸ್ಸು ನಿಲ್ಲೋದು. ಈ ಮನೆ ಹಿಡಿದದ್ದೂ ಅದಕ್ಕೇ. ಇವತ್ತು ಇದ್ದಕ್ಕಿದ್ದ ಹಾಗೆ ಎಲ್ಲ ಸತ್ತ ಹಾಗಾಯ್ತು. ಒಂದೇ ಪುಟ ಮತ್ತೆ ಮತ್ತೆ ಓದಿದೆ. ಇಲ್ಲದಿದ್ರೆ ಚಹಾ ಹೊತ್ತಿಗೇ ಮುಗಿಸಿ ಹೊರಗೆ ಬರ್ತಿದ್ದೆ."

ದ್ವಾರಕನಾಥ ನೆಲಮಹಡಿಗೆ ಇಳಿದು, ಅಂಗಿ ಕೊಡವಿ, ಹೆಣ್ಣಿಗೆಂದು ತಂದ ಸೀರೆಯನ್ನು ಪುಟ್ಟಮ್ಮನ ಕೈಯಲ್ಲಿಟ್ಟ. ನೀವೇ ಹುಡುಗಿಯ ಮನೆಗೆ ಹೋಗಿ, ಗಂಡು ಒಂದು ದಿನ ತಡವಾಗಿ ಬರುತ್ತಾನೆಂದು ಹೇಳಿ ಎಂದು ಬೇಡಿಕೊಂಡ. ಪುಟ್ಟಮ್ಮ ಧಾರಾಳವಾಗಿ ಒಪ್ಪಿದರು.

ಮಾರನೆಯ ದಿನ ನಕ್ಷತ್ರ ಮೂಡಿದ್ದೇ ತಡ, ಸಾಹೇಬರು ಲಿಫ್ಟಿನಲ್ಲೇ ಇಳಿದು ಬಂದು, ದ್ವಾರಕನಾಥನ ಬಾಗಿಲನ್ನು ಜೋರಾಗಿ ಬಡಿದು, ಚೀಟಿಗೆ ರುಜು ಹಾಕಿದರು. ಅವರು ಪೆನ್ನು ಮುಚ್ಚುವಾಗ ಫೋನ್ ಬಂತು. ಪುಟ್ಟಮ್ಮ.

"ದ್ವಾರಕನಾಥ, ಬೇಜಾರ್ ಮಾಡ್ಕೋಬೇಡಪ್ಪ. ಬ್ಯಾಗ್ ಹಿಡ್ಕೊಳ್ಳೋಕೆ ಅಂತ ನನ್ ತಮ್ಮನ್ನ ಜೊತೇಲಿ ಕರ್ಕೊಂಡ್ ಹೋಗಿದ್ದೆ. ಹುಡುಗಿ ತಂದೆ ಅವನೇ ಗಂಡು ಅಂದ್ಕೊಂಡು ಕೇಸರಿಬಾತು ಮುಂದಿಟ್ರು. ನಾನು ಬಾಯಿ ಬಿಡೋದ್ರೊಳಗೆ ಅವ್ನು ತಿಂದೇ ಬಿಟ್ಟ. ಹುಡುಗೀಗೂ ಒಪ್ಪಿಗೆಯಂತೆ. ಸೀರೆ ಬಣ್ಣ ಮಾತ್ರ ಎಲ್ಲಾರ್ಗೂ ಇಷ್ಟ ಆಯ್ತು."

ಶನಿವಾರ ಬೆಳಗಿನ ವಿಮಾನದಲ್ಲಿ ಹೋದವರು ಪುಟ್ಟಮ್ಮ. ಭಾನುವಾರದ ವಿಮಾನಕ್ಕೆ ಆ ಕಟ್ಟಡದಿಂದ ಯಾರೂ ಹೋಗಲಿಲ್ಲ.